ಹೊಸ್ತಿಲಿಗೆ ಬಂದ ದಂಡು

ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ರೈಲಿನಲ್ಲಿ ಹೊರಟರೆ ಅಜ್ಜಂಪುರ ದಾಟಿದ ಮೇಲೆ ಶಿವನಿ ಸ್ಟೇಷನ್ ಬರುತ್ತದೆ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ಅಜ್ಜಂಪುರ ತಾಲ್ಲೂಕಿನ ಹೋಬಳಿ. ಮಲೆನಾಡಿನ ಹಸಿರು ತೆಳುವಾಗಿ ಬಯಲುಸೀಮೆ ತೊಡಗುವ ಅಂಚು. ಇಲ್ಲಿ ಕಂಟೋನ್ಮೆಂಟ್ ಇಲ್ಲ, ರೆಜಿಮೆಂಟಿನ ಕೇಂದ್ರವಿಲ್ಲ. ಆದರೂ ಸೈನ್ಯ ಜನರ ನಡುವೆ ಬಂದು ಜಾಗ ಕೇಳಿದರೆ ಯಾರು ಏನು ಕೊಡಬೇಕಾಗುತ್ತದೆ, ಬೇಡ ಎನ್ನುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಈ ಊರಿನಿಂದಲೇ ಕೇಳಬೇಕೆಂದು ನನಗೆ ಅನಿಸುತ್ತದೆ. ಕಾರಣ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ. ಉದ್ದ ಕೊಂಬಿನ, ಬೂದು ಮೈಯ ಆ ರಾಸುಗಳನ್ನು ನಾವು ಇಂದು ದೇಸಿ ತಳಿಯ ಹೆಮ್ಮೆಯಾಗಿ ನೋಡುತ್ತೇವೆ. ಅವು ಬೆಳೆದದ್ದು ಮಾತ್ರ ದಂಡಿಗಾಗಿ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿ, ಹೈದರಾಲಿಯ ಕೈಯಲ್ಲಿ ಸೈನ್ಯದ ಸಾಗಣೆಯ ಇಲಾಖೆಯಾಯಿತು. ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಈ ಎತ್ತುಗಳ ಬಲದಿಂದಲೇ ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ ಎಂದು ಮೈಸೂರಿನ ಗ್ಯಾಸೆಟಿಯರುಗಳು ದಾಖಲಿಸಿವೆ. 1799ರ ನಂತರ ಕಂಪನಿ ಸರ್ಕಾರ ಈ ಹಿಂಡನ್ನು ತನ್ನ ಫಿರಂಗಿ ಎಳೆಯಲು ಇಟ್ಟುಕೊಂಡಿತು. ಮುಂದೆ ಬ್ರಿಟಿಷ್ ಸರ್ಕಾರ ಅದನ್ನು 1860ರಲ್ಲಿ ಖರ್ಚು ಜಾಸ್ತಿಯೆಂದು ಮಾರಿತು, 1866ರಲ್ಲಿ ಮತ್ತೆ ಕಟ್ಟಿತು, 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿತು. ಈ ದನಗಳಿಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ವಿಂಗಡಿಸಿ ಕಾದಿರಿಸಿದ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಊರಿನ ಮಗ್ಗುಲಲ್ಲೇ ಹುಲ್ಲು ಆಳೆತ್ತರ ಬೆಳೆದಿದ್ದರೂ ಅದರ ಮೇಲೆ ಮೊದಲ ಹಕ್ಕು ಸರ್ಕಾರಿ ಹಿಂಡಿನದು. ನಮ್ಮ ಸೀಮೆಯಲ್ಲಿ ದಂಡು ಮನೆಯ ಒಳಕೋಣೆ ಕೇಳದೆ ಇದ್ದಿರಬಹುದು, ಅಂಗಳದಾಚೆಯ ಹುಲ್ಲನ್ನು ಕೇಳಿತು. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದರ ಸುತ್ತಲೇ ಮುಂದಿನ ಮಾತೆಲ್ಲ.

ಜಗತ್ತಿನ ಸಂವಿಧಾನಗಳಲ್ಲಿ ಈ ವಿಷಯವನ್ನು ನೇರವಾಗಿ ಹೇಳಿದ ಹೆಸರಾಂತ ವಾಕ್ಯ ಅಮೆರಿಕದ್ದು. 1791ರ ಡಿಸೆಂಬರ್ 15ರಂದು ಜಾರಿಗೆ ಬಂದ ಹತ್ತು ತಿದ್ದುಪಡಿಗಳಲ್ಲಿ ಅದು ಮೂರನೆಯದು. ಶಾಂತಿಯ ಕಾಲದಲ್ಲಿ ಮನೆಯೊಡೆಯನ ಒಪ್ಪಿಗೆಯಿಲ್ಲದೆ ಯಾವ ಸೈನಿಕನನ್ನೂ ಯಾವ ಮನೆಯಲ್ಲೂ ಇರಿಸುವಂತಿಲ್ಲ, ಯುದ್ಧದ ಕಾಲದಲ್ಲೂ ಕಾನೂನು ಗೊತ್ತುಮಾಡಿದ ರೀತಿಯಲ್ಲಿ ಮಾತ್ರ ಇರಿಸಬಹುದು. ಅಷ್ಟೇ ಅದರ ತಿರುಳು. ಇದರ ಹಿಂದೆ ಇಂಗ್ಲೆಂಡಿನ ಹಳೆಯ ಜಗಳವಿತ್ತು. 1628ರ ಹಕ್ಕಿನ ಮನವಿಯಲ್ಲೇ ಸಂಸತ್ತು ಜನರ ಮನೆಗಳಿಗೆ ಸೈನಿಕರನ್ನು ನುಗ್ಗಿಸಿದ್ದನ್ನು ದೊರೆಯ ಮುಂದೆ ದೂರಿತ್ತು. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿ 1681ರಿಂದ ಪ್ರಾಟೆಸ್ಟೆಂಟರ ಮನೆಗಳಲ್ಲಿ ಕುದುರೆ ದಳದವರನ್ನು ಇರಿಸಿ, ಅವರ ಕಾಟ ತಾಳಲಾರದೆ ಜನ ಮತ ಬದಲಿಸುವಂತೆ ಮಾಡಿದ. ಸೈನಿಕನಿಗೆ ಮಲಗಲು ಜಾಗ ಕೊಡುವ ನೆಪದಲ್ಲಿ ಒಂದು ಮನೆತನವನ್ನೇ ಮಣಿಸಬಹುದೆಂದು ಆಗಲೇ ಸಾಬೀತಾಗಿತ್ತು.

ಅಮೆರಿಕದ ವಸಾಹತುಗಳ ಮೇಲೆ ಬ್ರಿಟಿಷ್ ಸಂಸತ್ತು 1765ರಲ್ಲಿ ಹೇರಿದ ಕಾನೂನನ್ನು ಓದುವಾಗ ನನಗೆ ಒಂದು ವಿಷಯ ಅಚ್ಚರಿ ತಂದಿತು. ಆ ಕಾನೂನು ಜನ ವಾಸವಿದ್ದ ಮನೆಗಳಿಗೆ ಸೈನಿಕರನ್ನು ಕಳಿಸಲಿಲ್ಲ. ಬ್ಯಾರಕ್ಕು, ಅದು ಸಾಲದಿದ್ದರೆ ಹೋಟೆಲು ಹೆಂಡದಂಗಡಿ, ಅದೂ ಸಾಲದಿದ್ದರೆ ಖಾಲಿ ಮನೆ, ಕೊಟ್ಟಿಗೆ, ಕಣಜದ ಕಟ್ಟಡ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಿತ್ತು. ಜನರನ್ನು ಕೆರಳಿಸಿದ್ದು ಅದರ ಜೊತೆಗಿದ್ದ ಪಟ್ಟಿ: ಬೆಂಕಿ, ಮೇಣದಬತ್ತಿ, ವಿನೆಗರ್, ಉಪ್ಪು, ಹಾಸಿಗೆ, ಅಡುಗೆ ಪಾತ್ರೆ, ಕುಡಿಯಲು ಇಷ್ಟು ಅಳತೆಯ ಬಿಯರ್ ಅಥವಾ ರಮ್. ಇದೆಲ್ಲ ಸ್ಥಳೀಯರ ಖರ್ಚಿನಲ್ಲಿ. ನ್ಯೂಯಾರ್ಕಿನ ಶಾಸನಸಭೆ ಪೂರ್ತಿ ಕೊಡಲು ಒಪ್ಪದಿದ್ದಾಗ, 1767ರಲ್ಲಿ ಆ ಸಭೆಯ ಅಧಿಕಾರವನ್ನೇ ಅಮಾನತಿನಲ್ಲಿಡುವ ಕಾನೂನನ್ನು ಸಂಸತ್ತು ಮಾಡಿತು. ಜಗಳ ಚಾವಣಿಗಾಗಿ ನಡೆದದ್ದಕ್ಕಿಂತ ಉಪ್ಪು ಸೌದೆಗಾಗಿ ನಡೆದದ್ದೇ ಹೆಚ್ಚು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಹಿರೇಹಡಗಲಿಗೆ ಬನ್ನಿ. ಹೂವಿನಹಡಗಲಿ ತಾಲ್ಲೂಕಿನ ಆ ಊರಿನಲ್ಲಿ ಸಿಕ್ಕಿದ, ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ನಾಲ್ಕನೆಯ ಶತಮಾನದವು. ಇಂದಿನ ಬಳ್ಳಾರಿಯ ಸುತ್ತಣ ಸಾತಾಹನಿ ನಾಡಿನಲ್ಲಿ ಬ್ರಾಹ್ಮಣರಿಗೆ ಕೊಟ್ಟ ದತ್ತಿಯನ್ನು ಅವು ಹೇಳುತ್ತವೆ. ಆಜ್ಞೆ ಹೋಗಿರುವುದು ರಾಜಪುತ್ರರು, ಸೇನಾಪತಿಗಳು, ಸುಂಕದವರು, ಠಾಣ್ಯದ ನಾಯಕರಿಂದ ಹಿಡಿದು ಊರಿಂದೂರಿಗೆ ತಿರುಗುವ ಭಟರವರೆಗೆ ಎಲ್ಲರಿಗೂ. ಅವರು ದತ್ತಿಯ ಜಾಗದಲ್ಲಿ ಏನನ್ನು ಕೇಳಬಾರದು ಎಂಬುದರ ಪಟ್ಟಿ ಅಲ್ಲಿದೆ. ಹಾಲು ಮೊಸರು ತೆಗೆದುಕೊಳ್ಳಬಾರದು. ಉಪ್ಪು ಬೆಲ್ಲ ಕೇಳಬಾರದು. ಬಿಟ್ಟಿ ಮಾಡಿಸಬಾರದು. ಸರದಿಯ ಮೇಲೆ ಎತ್ತು ಹಿಡಿಯಬಾರದು. ಹುಲ್ಲು, ಸೌದೆ, ತರಕಾರಿ, ಹೂವು ಒಯ್ಯಬಾರದು. ಇವುಗಳ ನಡುವೆ ಇರುವ ಒಂದು ಉದ್ದದ ಸಮಾಸಪದದಲ್ಲಿ ಬೇಯಿಸಿದ ಅನ್ನ, ಮಂಚ, ತಂಗುವ ಮನೆ ಎಂಬ ಮಾತುಗಳನ್ನು ವಿದ್ವಾಂಸರು ಓದಿದ್ದಾರೆ. ಒಟ್ಟು ಹದಿನೆಂಟು ಬಗೆಯ ಪರಿಹಾರಗಳೆಂದು ಶಾಸನವೇ ಎಣಿಸುತ್ತದೆ. ಬೋಸ್ಟನ್ನಿಗೂ ಬಳ್ಳಾರಿಗೂ ನಡುವೆ ಸಾಗರಗಳಿವೆ, ಸಾವಿರದ ನಾನೂರು ವರ್ಷಗಳಿವೆ. ಉಪ್ಪು, ಸೌದೆ, ಹಾಸಿಗೆ ಮಾತ್ರ ಎರಡೂ ಕಡೆ ಇವೆ.

ಇದು ಒಂಟಿ ಉದಾಹರಣೆಯಲ್ಲ. ಅದಕ್ಕೂ ಹಿಂದೆ ನಾಸಿಕದ ಗುಹೆಯಲ್ಲಿ ಶಾತವಾಹನ ಗೌತಮೀಪುತ್ರ ಶಾತಕರ್ಣಿ ಭಿಕ್ಷುಗಳಿಗೆ ಕೊಟ್ಟ ಹೊಲಕ್ಕೆ ಯಾರೂ ಪ್ರವೇಶಿಸಬಾರದು, ಯಾರೂ ಅದರ ಗೊಡವೆಗೆ ಹೋಗಬಾರದು, ಅಲ್ಲಿ ಉಪ್ಪಿಗಾಗಿ ಅಗೆಯಬಾರದು ಎಂದು ಬರೆಸಿದ. ಆ ಆಜ್ಞೆ ಹೊರಟದ್ದು ವೈಜಯಂತಿಯ ಸೈನ್ಯದ ಬೀಡಿನಿಂದ ಎಂದು ಶಾಸನದಲ್ಲಿದೆ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ಹೇಳುವ ಇತಿಹಾಸಕಾರರಿದ್ದಾರೆ. ಮಳಖೇಡದ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ‘ಅಚಾಟಭಟಪ್ರವೇಶ್ಯ’ ಎಂಬ ಮಾತು ಸಿದ್ಧ ಪಾಠದ ಹಾಗೆ ಬರುತ್ತದೆ: ಚಾಟರೂ ಭಟರೂ, ಅಂದರೆ ಬಿಡಿ ಆಳುಗಳೂ ಸೈನಿಕರೂ ಕಾಲಿಡಬಾರದ ಊರು.

ಈ ಮಾತನ್ನು ಹಿಡಿದು ‘ನಮ್ಮಲ್ಲಿ ಆಗಲೇ ಎಲ್ಲ ಇತ್ತು’ ಎಂದು ಬೀಗುವವರ ಜೊತೆ ನಾನು ಸೇರಲಾರೆ. ಆ ಪದ ನಮಗೆ ನಿಜವಾಗಿ ಹೇಳುವುದೇನು? ದತ್ತಿ ಪಡೆದ ಅಗ್ರಹಾರಕ್ಕೆ, ಮಠಕ್ಕೆ, ದೇವಸ್ಥಾನಕ್ಕೆ ಭಟರು ಹೋಗಬಾರದೆಂದು ವಿಶೇಷವಾಗಿ ಕೆತ್ತಿಸಬೇಕಾಯಿತು ಎಂದರೆ, ಮಿಕ್ಕ ಊರುಗಳಿಗೆ ಅವರು ಹೋಗುತ್ತಲೇ ಇದ್ದರು ಎಂದು ಅರ್ಥ. ಒಂದು ಊರಿಗೆ ಸಿಕ್ಕ ಬಿಡುಗಡೆಯ ಭಾರವನ್ನು ಪಕ್ಕದ ಊರಿನ ಒಕ್ಕಲು ಹೊತ್ತಿರಲೂಬಹುದು. ಹೊಯ್ಸಳರ ಕಾಲದ ತೆರಿಗೆಗಳಲ್ಲಿ ಆನೆ ಸೇಸೆ, ಕುದುರೆ ಸೇಸೆ, ಕಟಕ ಸೇಸೆ ಎಂಬ ಹೆಸರುಗಳಿವೆ. ದಂಡಿನ ಆನೆಗೆ, ಕುದುರೆಗೆ, ಬೀಡಿಗೆ ಊರವರು ತೆರಬೇಕಾಗಿದ್ದ ಪಾಲು ಅದು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ. ದಂಡಿನ ಒಡೆಯನೇ ಕಟ್ಟಿಸಿದ ಗುಡಿಗೆ ಮಾನ್ಯಗಳು ಸಲ್ಲುತ್ತಿದ್ದವು. ಮಾನ್ಯವಿಲ್ಲದ ಮನೆಯ ಹೊಸ್ತಿಲನ್ನು ಕಾಯುವ ಶಾಸನವನ್ನು ಯಾರೂ ಕೆತ್ತಿಸಲಿಲ್ಲ.

ಕನ್ನಡದಲ್ಲಿ ದಂಡು ಬಂದು ನಿಲ್ಲುವುದಕ್ಕೆ ಪದಗಳು ಎಷ್ಟಿವೆ ನೋಡಿ. ಬೀಡು, ಬಿಡಾರ, ಪಾಳೆಯ, ಠಾಣ್ಯ. ರಾಜಧಾನಿಗೇ ನೆಲೆವೀಡು ಎನ್ನುತ್ತಿದ್ದರು. ಊರೂರಿನ ಹೆಸರಿನಲ್ಲಿ ಇಂದಿಗೂ ಪಾಳ್ಯ ಅಂಟಿಕೊಂಡಿದೆ. ಪಾಳೆಯ ಹಿಡಿದವನೇ ಪಾಳೆಯಗಾರ. ಆದರೆ ‘ಸೈನಿಕನಿಗೆ ಪರರ ಮನೆಯಲ್ಲಿ ಒತ್ತಾಯದ ವಸತಿ’ ಎನ್ನುವುದಕ್ಕೆ ಒಂದೇ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ತರೀಕೆರೆ, ಚಿತ್ರದುರ್ಗದಂಥ ಪಾಳೆಯಪಟ್ಟುಗಳಲ್ಲಿ ಆಳುಗಳಿಗೆ ಉಂಬಳಿ ಜಮೀನು ಇರುತ್ತಿತ್ತು. ಹೊಲ ಗೇಯುವವನೇ ಕರೆ ಬಂದಾಗ ಕತ್ತಿ ಹಿಡಿಯುತ್ತಿದ್ದ, ಕೆಲಸ ಮುಗಿದ ಮೇಲೆ ತನ್ನ ಮನೆಯಲ್ಲೇ ಮಲಗುತ್ತಿದ್ದ. ಅವನಿಗೆ ಪರರ ಪಡಸಾಲೆ ಬೇಕಿರಲಿಲ್ಲ. ದಂಡು ಬಯಲಿನಲ್ಲಿ ಡೇರೆ ಹಾಕಿದರೆ ಧಾನ್ಯ ಹೊತ್ತು ತರಲು ಬಂಜಾರರ ಎತ್ತಿನ ಸಾಲುಗಳಿದ್ದವು. ಕಡೂರು, ತರೀಕೆರೆಯ ತಾಂಡಾಗಳ ಲಂಬಾಣಿಗರ ಹಿಂದಿನವರು ಆ ಸಾಗಣೆಯ ಜನ. ಪದವಿಲ್ಲದಿರುವುದಕ್ಕೆ ಇವು ಕಾರಣವಿರಬಹುದೆಂದು ನನ್ನ ಊಹೆ.

ಹಾಗೆಂದು ದಂಡು ಸುಖವಾಗಿ ಹಾದುಹೋಗುತ್ತಿತ್ತು ಎಂದಲ್ಲ. ನಮ್ಮ ಸೀಮೆಯ ವೀರಗಲ್ಲುಗಳ ಮುಂದೆ ನಿಂತರೆ ಸಾಕು. ತುರುಗೋಳ್, ಊರಳಿವು, ಪೆಣ್ಬುಯ್ಯಲ್: ದನ ಹೊಡೆದುಕೊಂಡು ಹೋದದ್ದು, ಊರು ಅಳಿದದ್ದು, ಹೆಣ್ಣುಮಕ್ಕಳ ಮೇಲೆ ಕೈಮಾಡಿದ್ದು. ಸತ್ತವನು ಯಾಕೆ ಸತ್ತ ಎಂದು ಹೇಳಲು ನಮ್ಮವರಿಗೆ ಈ ಮೂರು ಪದಗಳು ಮತ್ತೆ ಮತ್ತೆ ಬೇಕಾದವು. ‘ದಂಡಿನಲ್ಲಿ ಸೋದರಮಾವನೇ’ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ನಂಟಸ್ತಿಕೆ, ದಾಕ್ಷಿಣ್ಯ ಯಾವುದೂ ಅಲ್ಲಿ ನಡೆಯುವುದಿಲ್ಲ.

1791ನೇ ಇಸವಿಯನ್ನೇ ತೆಗೆದುಕೊಳ್ಳೋಣ. ಹತ್ತು ವರ್ಷಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾಗಿದ್ದ ಕಾರ್ನ್‌ವಾಲಿಸ್ ಈಗ ಗವರ್ನರ್ ಜನರಲ್ ಆಗಿ ಮೈಸೂರಿನ ಮೇಲೆ ದಂಡೆತ್ತಿ ಬಂದಿದ್ದ. ಮಾರ್ಚ್ 7ರಂದು ಬೆಂಗಳೂರಿನ ಪೇಟೆ, 21ರಂದು ಕೋಟೆ ಅವನ ಕೈಸೇರಿದವು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅವನ ಎತ್ತುಗಳು ಮೇವಿಲ್ಲದೆ ಸತ್ತು, ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅವನ ಜೊತೆಗಾರ ಪರಶುರಾಮ ಭಾವುವಿನ ಮರಾಠಾ ದಂಡಿನವರು ಅದೇ ವರ್ಷ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ನೆರವು ನೀಡಿ ಟಿಪ್ಪು ಬರೆದ ಪತ್ರಗಳು ಮಠದಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು 1916ರಲ್ಲಿ. ಡಿಸೆಂಬರ್ 15ರಂದು ಅಮೆರಿಕದಲ್ಲಿ ಮೂರನೆಯ ತಿದ್ದುಪಡಿ ಜಾರಿಗೆ ಬಂತು. ಡಿಸೆಂಬರ್ 29ರಂದು ಶಿವಮೊಗ್ಗದ ಬಳಿ ಭಾವುವಿನ ಸೈನ್ಯ ಮೈಸೂರಿನವರನ್ನು ಸೋಲಿಸಿತು. ಹತ್ತು ವರ್ಷ ಕಳೆದು ಈ ಕಡೆ ಪ್ರವಾಸ ಬಂದ ಕಂಪನಿಯ ಅಧಿಕಾರಿ ಬುಕಾನನ್, ಭಾವುವಿನ ದಂಡು ಹಾಳುಮಾಡಿದ ಊರುಗಳನ್ನು ಮತ್ತೆ ಮತ್ತೆ ಗುರುತಿಸುತ್ತಾನೆ. ಸಾಮಾನ್ಯನ ಮನೆಗೂ ಸೈನಿಕನಿಗೂ ನಡುವೆ ಗೆರೆ ಎಳೆದ ವಾಕ್ಯ ಒಂದು ದೇಶದಲ್ಲಿ ಕಾನೂನಾದ ತಿಂಗಳಲ್ಲೇ, ನಮ್ಮ ಹಳ್ಳಿಗಳಲ್ಲಿ ಆ ಗೆರೆ ಎಂಬುದೇ ಇರಲಿಲ್ಲ.

ಕಂಪನಿಯ ಆಳ್ವಿಕೆ ಸೈನಿಕನನ್ನು ಊರಿನಿಂದ ಬೇರೆ ಮಾಡಿ ಕೂರಿಸಿತು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಪಡೆ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಸಿತು. ಜನ ಅದನ್ನು ದಂಡು ಎಂದೇ ಕರೆದರು. ಬ್ಯಾರಕ್ಕುಗಳು ಎದ್ದ ಮೇಲೆ ಸಿಪಾಯಿಗೆ ರೈತನ ಮನೆ ಬೇಕಾಗಲಿಲ್ಲ. ಅಧಿಕಾರಿಗೆ ಬಂಗಲೆ ಬೇಕಾಯಿತು. ಕಂಟೋನ್ಮೆಂಟುಗಳಲ್ಲಿ ಜಾಗ ಸರ್ಕಾರದ್ದು, ಕಟ್ಟಡ ಮಾತ್ರ ಕಟ್ಟಿದವನದು. ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ತೆತ್ತು ಜಾಗ ಹಿಂಪಡೆಯಬಹುದು ಎಂಬ ಕರಾರು ಉತ್ತರದಲ್ಲಿ 1836ರಿಂದ ನಡೆದುಬಂತು. 1923ರ ಕಂಟೋನ್ಮೆಂಟ್ ಮನೆ ವಸತಿ ಕಾನೂನು ಇನ್ನೂ ಮುಂದೆ ಹೋಗಿ, ಸೇನಾಧಿಕಾರಿಯ ವಾಸಕ್ಕೆ ಬೇಕಾದ ಮನೆಯನ್ನು ಸರ್ಕಾರಕ್ಕೆ ಬಾಡಿಗೆಗೆ ಕೊಡುವಂತೆ ಮಾಲೀಕನನ್ನು ಕಟ್ಟಿಹಾಕಿತು. ಬಾಡಿಗೆ ಸಿಗುತ್ತಿತ್ತು, ನಿಜ. ಒಲ್ಲೆ ಎನ್ನುವ ಹಕ್ಕು ಇರಲಿಲ್ಲ.

ಎರಡನೆಯ ಮಹಾಯುದ್ಧ ಆ ಅಧಿಕಾರವನ್ನು ದೇಶಕ್ಕೆಲ್ಲ ಹರಡಿತು. 1939ರ ಭಾರತ ರಕ್ಷಣಾ ಕಾನೂನಿನಡಿಯ ನಿಯಮಗಳ ಪ್ರಕಾರ ಸ್ಥಿರ ಸ್ವತ್ತುಗಳನ್ನು ಅಧಿಗ್ರಹಣ ಮಾಡಬಹುದಿತ್ತು. ಅಧಿಗ್ರಹಣ ಎಂಬ ಕಚೇರಿ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಭೂಸ್ವಾಧೀನದಲ್ಲಿ ಆಸ್ತಿ ಕೈಬಿಟ್ಟೇ ಹೋಗುತ್ತದೆ. ಅಧಿಗ್ರಹಣದಲ್ಲಿ ಒಡೆತನ ನಿಮ್ಮದೇ, ಬಳಕೆ ಸರ್ಕಾರದ್ದು, ಅದೂ ತಾತ್ಕಾಲಿಕ. ತಾತ್ಕಾಲಿಕ ಎಂದರೆ ಎಷ್ಟು ದಿನ? ಮುಂಬಯಿಯ ಒಂದು ಫ್ಲಾಟನ್ನು ರಾಜ್ಯ ಸರ್ಕಾರ 1951ರಲ್ಲಿ ಅಧಿಗ್ರಹಣ ಮಾಡಿದ್ದು ಮೂವತ್ತು ವರ್ಷ ದಾಟಿದರೂ ಬಿಟ್ಟುಕೊಟ್ಟಿರಲಿಲ್ಲ. 1984ರಲ್ಲಿ ಎಚ್.ಡಿ. ವೋರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಗ್ರಹಣದ ಹೆಸರಿನಲ್ಲಿ ಸ್ವಾಧೀನವನ್ನೇ ಮಾಡಿದಂತಾಯಿತು ಎಂದು ಅದನ್ನು ತಪ್ಪೆಂದಿತು.

ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಗೆ ಹತ್ತಿರದ ಉತ್ತರ ಎರಡು ಸಾಧಾರಣ ಕಾನೂನುಗಳ ಮೂಲೆಯಲ್ಲಿ ಅಡಗಿದೆ. ಮೊದಲನೆಯದು 1938ರದು, ಬ್ರಿಟಿಷರ ಕಾಲದಿಂದ ಉಳಿದು ಬಂದದ್ದು. ಸೇನೆ ಕವಾಯತು, ಗುಂಡಿನ ಅಭ್ಯಾಸ ನಡೆಸುವಾಗ ಜನರ ಜಮೀನಿನ ಮೇಲೆ ಹಾದುಹೋಗಬಹುದು, ತಾತ್ಕಾಲಿಕವಾಗಿ ಬೀಡುಬಿಡಬಹುದು. ಆದರೆ ವಾಸದ ಮನೆ, ಪೂಜಾಸ್ಥಳ, ಶಾಲೆಗಳಿಗೆ ಆ ಅಧಿಕಾರ ತಾಗುವುದಿಲ್ಲ. ಎರಡನೆಯದು 1952ರ ಸ್ಥಿರಾಸ್ತಿ ಅಧಿಗ್ರಹಣ ಮತ್ತು ಸ್ವಾಧೀನ ಕಾನೂನು. ಅದರ ಮೂರನೆಯ ಕಲಮಿನ ಪರಂತುಕ, ಅಂದರೆ ವಿನಾಯಿತಿಯ ಷರತ್ತು, ಹೇಳುವಂತೆ, ಮಾಲೀಕ ತಾನು ಅಥವಾ ತನ್ನ ಕುಟುಂಬದವರು ನಿಜವಾಗಿ ವಾಸವಿರುವ ಮನೆಯನ್ನು ಕೇಂದ್ರ ಸರ್ಕಾರ ಅಧಿಗ್ರಹಣ ಮಾಡುವಂತಿಲ್ಲ. ಸಾರ್ವಜನಿಕ ಪೂಜಾಸ್ಥಳ, ಶಾಲೆ, ಆಸ್ಪತ್ರೆ, ಸಾರ್ವಜನಿಕ ಗ್ರಂಥಾಲಯ, ಅನಾಥಾಲಯಗಳೂ ಹೊರಗೆ. ಅಮೆರಿಕದ ಮೂರನೆಯ ತಿದ್ದುಪಡಿಗೆ ನಮ್ಮಲ್ಲಿ ಅಣ್ಣನೋ ತಮ್ಮನೋ ಇದ್ದರೆ ಈ ಪರಂತುಕವೇ. ಆದರೆ ಚೀನಾ ಯುದ್ಧದ ಹೊತ್ತಿನ 1962ರ ಭಾರತ ರಕ್ಷಣಾ ಕಾನೂನನ್ನು ತೆರೆದರೆ, ಅಧಿಗ್ರಹಣದಿಂದ ಹೊರಗುಳಿದದ್ದು ಪೂಜಾಸ್ಥಳ. ದೇವರ ಮನೆ ಉಳಿಯಿತು, ಮನುಷ್ಯನ ಮನೆ ಕಾನೂನಿನ ಬಲೆಯೊಳಗೆ ಬಂತು. ಸಂಸತ್ತು ಒಂದು ಕಾನೂನಿನಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂಪಡೆಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಂವಿಧಾನದಲ್ಲೇ ಬರೆಯುವುದಕ್ಕೂ ಕಾನೂನಿನಲ್ಲಿ ಬರೆಯುವುದಕ್ಕೂ ಇರುವ ಅಂತರ ಅದು.

ಹಾಗಾದರೆ ಸಂವಿಧಾನ ಬರೆದವರಿಗೆ ಮನೆಯ ವಿಚಾರ ಹೊಳೆಯಲಿಲ್ಲವೇ? ಹೊಳೆದಿತ್ತು. 1928ರ ನೆಹರೂ ವರದಿಯಲ್ಲೇ, ಕಾನೂನಿನ ಪ್ರಕಾರವಲ್ಲದೆ ಯಾರ ವಾಸದ ಮನೆಯನ್ನೂ ಪ್ರವೇಶಿಸಬಾರದು ಎಂಬ ಮಾತಿತ್ತು. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಗೆ ಕೆ.ಎಂ. ಮುನ್ಶಿ ಕೊಟ್ಟ ಕರಡಿನಲ್ಲಿ ಮನೆಯ ಅಭೇದ್ಯತೆ ಒಂದು ಹ‌ಕ್ಕಾಗಿತ್ತು. ಅದಕ್ಕೆ ಅಳುಕು ತೋರಿದವರಲ್ಲಿ ಒಬ್ಬರು ನಮ್ಮ ಕರಾವಳಿಯ ಬೆನೆಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರ ಚಿಂತೆ ಪೊಲೀಸ್ ತನಿಖೆಯದು. ಕೋರ್ಟಿನ ವಾರಂಟಿಲ್ಲದೆ ಶೋಧನೆಯೇ ಕೂಡದೆಂದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂದು ಅವರು ಬರೆದರು. 1948ರ ಡಿಸೆಂಬರ್ 3ರಂದು ಸಭೆಯ ಸದಸ್ಯ ಕಾಜಿ ಸೈಯದ್ ಕರೀಮುದ್ದೀನ್ ಅಕಾರಣ ಶೋಧನೆಯ ವಿರುದ್ಧ ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಅದನ್ನು ಒಪ್ಪಿಕೊಳ್ಳಲು ಸಿದ್ಧರಿದ್ದರು. ಮತಕ್ಕೆ ಹಾಕುವುದು ಮುಂದೆ ಹೋಗಿ, ಕೊನೆಗೆ ತಿದ್ದುಪಡಿ ಬಿದ್ದುಹೋಯಿತು. ಶೋಧನೆಯ ಪೊಲೀಸನ ಬಗ್ಗೆಯೇ ಇಷ್ಟು ಹಿಂಜರಿಕೆ ಇದ್ದಾಗ ತಂಗಲು ಬರುವ ಸೈನಿಕನ ವಿಚಾರ ಬದಿಗೆ ಸರಿದದ್ದು ಸಹಜ. ಆ ಹೊತ್ತಿನ ದೇಶದ ಸ್ಥಿತಿಯನ್ನು ನೆನೆದರೆ ರಾವ್ ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಆ ದಿನ ಒಂದು ಸಾಲು ಬರೆದಿಟ್ಟಿದ್ದರೆ ಮುಂದೆ ಎಷ್ಟೋ ಜನ ಕೋರ್ಟಿಗೆ ಅಲೆಯುವುದು ತಪ್ಪುತ್ತಿತ್ತು ಎಂಬ ಕೊರಗು ಉಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಂವಿಧಾನ ಹಿರೇಹಡಗಲಿಯ ಪಟ್ಟಿಯನ್ನು ಎಲ್ಲರಿಗೂ ವಿಸ್ತರಿಸಿತು. 23ನೇ ವಿಧಿ ಬಿಟ್ಟಿ ದುಡಿತವನ್ನು ನಿಷೇಧಿಸಿದೆ. ಹದಿನೆಂಟು ಪರಿಹಾರಗಳಲ್ಲಿ ಒಂದಾಗಿ ಕೆಲವರಿಗೆ ಸಿಕ್ಕಿದ್ದ ವಿನಾಯಿತಿ 1950ರಲ್ಲಿ ಕೂಲಿಕಾರನ ಮೂಲಭೂತ ಹಕ್ಕಾಯಿತು. ಎತ್ತು, ಹುಲ್ಲು, ಮನೆ ಆಸ್ತಿಯ ಹಕ್ಕಿನ ಪಾಲಿಗೆ ಬಿದ್ದವು. ಆಸ್ತಿಯ ಹಕ್ಕಿನ ಕಥೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೂಲಕ ಹಾದುಹೋಗುತ್ತದೆ. ಮಠದ ಜಮೀನಿಗಾಗಿ ಅವರು ಹೂಡಿದ ದಾವೆಯಿಂದ 1973ರಲ್ಲಿ ಸಂವಿಧಾನದ ಮೂಲರಚನೆಯ ತತ್ವ ಹುಟ್ಟಿತು. ಆಸ್ತಿಯ ಹಕ್ಕು ಮಾತ್ರ ಉಳಿಯಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಲ್ಲಿ ಇರಿಸಿತು. ಕಾನೂನಿನ ಅಧಿಕಾರವಿಲ್ಲದೆ ಆಸ್ತಿ ಕಸಿಯುವಂತಿಲ್ಲ ಎಂಬಷ್ಟೇ ಈಗಿನ ಭರವಸೆ.

ಮನೆಯನ್ನು ಆಸ್ತಿ ಎಂದು ನೋಡಿದ್ದೇ ತಪ್ಪಾಯಿತೇನೋ. ದಾರಿ ತೆರೆದದ್ದು ಖಾಸಗಿತನದ ಹಕ್ಕು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮನೆಗೆ ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದುದನ್ನು 1962ರಲ್ಲಿ ಸುಪ್ರೀಂ ಕೋರ್ಟು ಅಸಿಂಧುವೆಂದಿತು, ಆದರೆ ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದೂ ಅದೇ ತೀರ್ಪಿನಲ್ಲಿ ಹೇಳಿತು. ಆ ಮಾತು ಬಿದ್ದುಹೋಗಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿರುದ್ಧ ಸಲ್ಲಿಸಿದ ಅರ್ಜಿಯ ಫಲ ಅದು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಭಾಗವೆಂದರು. ಆ ತೀರ್ಪು ಚರ್ಚಿಸುವ ಅಮೆರಿಕದ 1965ರ ಗ್ರಿಸ್‌ವೊಲ್ಡ್ ಪ್ರಕರಣದಲ್ಲಿ, ಖಾಸಗಿತನದ ಬೇರುಗಳಲ್ಲಿ ಒಂದಾಗಿ ಹೆಸರಿಸಿದ್ದು ಸೈನಿಕರ ವಸತಿ ತಡೆಯುವ ಮೂರನೆಯ ತಿದ್ದುಪಡಿಯನ್ನೇ. ನಮ್ಮಲ್ಲಿ ಬರೆಯದೆ ಉಳಿದ ಸಾಲು ಹೀಗೆ ಸುತ್ತುಹಾದಿಯಲ್ಲಿ, ಒಬ್ಬ ಕನ್ನಡಿಗರ ಅರ್ಜಿಯ ಬೆನ್ನಿಗೆ, ಒಳಗೆ ಬಂತು. ಇಂದು ಯಾವ ಸರ್ಕಾರವಾದರೂ ಒಂದು ಸಂಸಾರ ನಡೆಯುತ್ತಿರುವ ಮನೆಗೆ ಸೈನಿಕರನ್ನು ಕಳಿಸಿದರೆ ಕೋರ್ಟಿನ ಮುಂದೆ ಹಿಡಿಯಬಹುದಾದ ಗಟ್ಟಿ ಆಧಾರ ಇದು. ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿದೆ.

ಯಾರ ಮನೆ ಎಂಬ ಪ್ರಶ್ನೆ ಇನ್ನೂ ಇದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಅಮೆರಿಕದ ವಾಕ್ಯದಲ್ಲಿ ಇರುವುದು ಮನೆಯೊಡೆಯ. 1979ರಲ್ಲಿ ನ್ಯೂಯಾರ್ಕಿನ ಜೈಲು ಸಿಬ್ಬಂದಿ ಮುಷ್ಕರ ಹೂಡಿದಾಗ, ಅವರು ಬಾಡಿಗೆ ಕೊಟ್ಟು ವಾಸವಿದ್ದ ಕೋಣೆಗಳಲ್ಲಿ ನ್ಯಾಷನಲ್ ಗಾರ್ಡಿನವರನ್ನು ಇರಿಸಲಾಯಿತು. 1982ರಲ್ಲಿ ಎಂಗ್‌ಬ್ಲಾಮ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಗಾರ್ಡಿನವರೂ ಸೈನಿಕರೇ, ಕಾನೂನುಬದ್ಧವಾಗಿ ವಾಸವಿರುವ ಬಾಡಿಗೆದಾರನಿಗೂ ಈ ರಕ್ಷಣೆ ಸಲ್ಲುತ್ತದೆ ಎಂದಿತು. ಸಿಬ್ಬಂದಿಗೆ ಕೊನೆಗೆ ಪರಿಹಾರದ ಹಣ ಸಿಗಲಿಲ್ಲ, ತತ್ವ ಮಾತ್ರ ಉಳಿಯಿತು. ನಮ್ಮ 1952ರ ಪರಂತುಕ ಹಾಗಿಲ್ಲ. ಅದು ಮಾಲೀಕನ ವಾಸದ ಮನೆಯನ್ನು ಪೂರ್ತಿ ಕಾಯುತ್ತದೆ. ನೋಟಿಸಿಗೆ ಮುಂಚೆ ಕನಿಷ್ಠ ಎರಡು ತಿಂಗಳಿಂದ ವಾಸವಿರುವ ಬಾಡಿಗೆದಾರನಿಗೆ ಅಧಿಕಾರಿಗೆ ಸೂಕ್ತವೆಂದು ಕಂಡ ಬೇರೆ ಜಾಗ ಕೊಟ್ಟರಾಯಿತು. ಸ್ವಂತ ಮನೆ ಇದ್ದವನಿಗೆ ಹೊಸ್ತಿಲು, ಇಲ್ಲದವನಿಗೆ ಬದಲಿ ಕೋಣೆ. ಅಗ್ರಹಾರಕ್ಕೊಂದು, ಒಕ್ಕಲಿಗೊಂದು ಎಂಬ ಹಳೆಯ ಭೇದದ ನೆರಳು ಇಲ್ಲಿದೆ ಎಂದರೆ ಅತಿಯಾಗಲಾರದು.

ಸೈನಿಕನ ಜಾಗದಲ್ಲಿ ಈಗ ಹೆಚ್ಚಾಗಿ ಕಾಣುವವನು ಸಶಸ್ತ್ರ ಪೊಲೀಸ್. 1861ರ ಪೊಲೀಸ್ ಕಾನೂನಿನ ಹದಿನೈದನೆಯ ಕಲಮು, ಗಲಭೆಯ ಪ್ರದೇಶದಲ್ಲಿ ಹೆಚ್ಚುವರಿ ಪೊಲೀಸರನ್ನು ಇರಿಸಿ ಖರ್ಚನ್ನು ಅಲ್ಲಿನ ನಿವಾಸಿಗಳಿಂದಲೇ ವಸೂಲು ಮಾಡಲು ಬಿಟ್ಟಿತ್ತು. ರಾಜಸ್ಥಾನದಲ್ಲಿ ಹೀಗೆ ವಸೂಲು ಮಾಡುವಾಗ ಹರಿಜನರಿಗೂ ಮುಸ್ಲಿಮರಿಗೂ ವಿನಾಯಿತಿ ಕೊಟ್ಟದ್ದನ್ನು 1960ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಜಾತಿ ಧರ್ಮ ನೋಡಿ ಭಾರ ಹಂಚುವಂತಿಲ್ಲ ಎಂದಿತು.

ಪೊಲೀಸರಿಗೆ ವಸತಿಯೆಂದು ಮೊದಲು ಕಣ್ಣಿಗೆ ಬೀಳುವುದು ಹಳ್ಳಿಯ ಶಾಲೆ. 2005ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಕೆಎಸ್ಆರ್‌ಪಿ ತುಕಡಿಯ ಮೇಲೆ ರಾತ್ರಿ ದಾಳಿ ಮಾಡಿದರು. ಪೊಲೀಸರು ಮಲಗಿದ್ದದ್ದು ಊರಿನ ಶಾಲೆಯಲ್ಲಿ. ಪೊಲೀಸರು ಸತ್ತರು, ಅವರ ಜೊತೆ ಒಬ್ಬ ನಾಗರಿಕನೂ ಸತ್ತ. ಬೆಳಗಾದರೆ ಮಕ್ಕಳು ಬಂದು ಕೂರಬೇಕಾದ ಕೋಣೆಗಳು ಅವು. ಶಸ್ತ್ರ ಹಿಡಿದವನಿಗೆ ವಸತಿ ಕೊಟ್ಟ ಕಟ್ಟಡ ಅವನ ಶತ್ರುವಿಗೆ ಗುರಿಯೂ ಆಗುತ್ತದೆ. ಛತ್ತೀಸಗಢದ ನಂದಿನಿ ಸುಂದರ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಶಾಲೆ, ಹಾಸ್ಟೆಲುಗಳಿಂದ ಭದ್ರತಾ ಪಡೆಗಳನ್ನು ತೆರವುಗೊಳಿಸಬೇಕೆಂದು ಹೇಳಿತು. ಚುನಾವಣೆ ಬಂದಾಗ ನಮ್ಮ ಕಡೆಗೂ ಹೊರಗಿನ ಪಡೆಗಳು ಬರುತ್ತವೆ, ಶಾಲೆ ಹಾಸ್ಟೆಲು ಕಲ್ಯಾಣಮಂಟಪಗಳಲ್ಲಿ ತಂಗುತ್ತವೆ. 1951ರ ಪ್ರಜಾಪ್ರತಿನಿಧಿ ಕಾನೂನಿನ 160ನೇ ಕಲಮು ಕಟ್ಟಡ ಅಧಿಗ್ರಹಣಕ್ಕೆ ಅವಕಾಶ ಕೊಟ್ಟಿರುವುದು ಮತಗಟ್ಟೆಗೆ ಮತ್ತು ಮತಪೆಟ್ಟಿಗೆ ಇಡುವುದಕ್ಕೆ. ಪಡೆಗಳ ವಸತಿಯ ಮಾತು ಅಲ್ಲಿಲ್ಲ. ಅದು ನಡೆಯುತ್ತಿರುವುದು ಒಪ್ಪಿಗೆ, ಅಭ್ಯಾಸ ಮತ್ತು ಅಧಿಕಾರಿಯ ಒಂದು ಫೋನಿನ ಬಲದ ಮೇಲೆ. ದೂರದಿಂದ ಬಂದ ಆ ಹುಡುಗರಿಗೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸುವುದೂ ಮರ್ಯಾದೆಯಲ್ಲ. ಒಳ್ಳೆಯ ಬ್ಯಾರಕ್ಕು ಕಟ್ಟುವುದು ಸರ್ಕಾರದ ಕೆಲಸ. ಅದನ್ನು ಕಟ್ಟದೆ ಉಳಿಸಿದ ಹಣವನ್ನು ಶಾಲೆಯ ಮಕ್ಕಳು ತೆರುತ್ತಿದ್ದಾರೆ.

ಇನ್ನು ಹುಲ್ಲಿನ ಮಾತು. 2007ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಡಿಆರ್‌ಡಿಓ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಬೇಲಿ ಎದ್ದ ಮೇಲೆ ಕುರಿ, ದನ ಮೇಯಿಸುತ್ತಿದ್ದವರು ದಾರಿ ಕಾಣದೆ ಹಸಿರು ನ್ಯಾಯಮಂಡಳಿಗೆ ಹೋದರು. ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಕೆಲಸ ತೊಡಗಿತು. ದೇಶಕ್ಕೆ ಅಂಥ ನೆಲೆ ಬೇಕು, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕುರಿಗಾಹಿ ಆ ನೆಲದ ಮಾಲೀಕನಲ್ಲ. ಅವನ ಮನೆಗೆ ಯಾರೂ ಕಾಲಿಡಲಿಲ್ಲ. 300ಎ ವಿಧಿ ಅವನನ್ನು ನೋಡುವುದಿಲ್ಲ, 1952ರ ಪರಂತುಕ ನೋಡುವುದಿಲ್ಲ, ಅಮೆರಿಕದ ತಿದ್ದುಪಡಿಯನ್ನು ಇಲ್ಲಿ ತಂದು ನೆಟ್ಟಿದ್ದರೂ ಅದು ಅವನನ್ನು ನೋಡುತ್ತಿರಲಿಲ್ಲ. ಹಿರೇಹಡಗಲಿಯ ತಾಮ್ರಪಟ ಮಾತ್ರ ಮಂಚದ ಜೊತೆಗೇ ಹುಲ್ಲನ್ನೂ ಎಣಿಸಿತ್ತು.

ಆದ್ದರಿಂದ 1952ರ ಕಾನೂನನ್ನು ಯಾರಾದರೂ ತಿದ್ದಲು ಕೂತರೆ ನಾನು ಕೇಳುವುದು ಮೂರು ಬದಲಾವಣೆ. ಪರಂತುಕದಲ್ಲಿ ‘ಮಾಲೀಕ’ ಎಂಬಲ್ಲಿ ‘ವಾಸವಿರುವವರು’ ಎಂದಾಗಲಿ. ಶಾಲೆಗೆ ಕೊಟ್ಟ ರಕ್ಷಣೆ ಕೇಂದ್ರದ ಅಧಿಗ್ರಹಣಕ್ಕೆ ಮಾತ್ರ ನಿಲ್ಲದೆ, ಬಾಯಿಮಾತಿನಲ್ಲಿ ಕೀಲಿಕೈ ಕೇಳುವ ಯಾವ ಪಡೆಗೂ, ಯಾವ ಅಧಿಕಾರಿಗೂ ಅನ್ವಯಿಸಲಿ. ಊರು ತಲೆಮಾರುಗಳಿಂದ ಮೇಯಿಸುತ್ತ ಬಂದ ಗೋಮಾಳ ಕಾವಲುಗಳನ್ನು ರಕ್ಷಣೆಯ ಹೆಸರಿನಲ್ಲಿ ತೆಗೆದುಕೊಳ್ಳುವ ಮುಂಚೆ ಗ್ರಾಮಸಭೆ ಕೂತು, ದನ ಕಟ್ಟಿದ ಪ್ರತಿ ಮನೆಯ ಮಾತು ಕೇಳಿ, ಬದಲಿ ಹುಲ್ಲು ಎಲ್ಲಿ ಎಂಬುದನ್ನು ಸರ್ವೆ ನಂಬರಿನ ಸಮೇತ ಬರೆದುಕೊಡಲಿ.